ಡೆವ್ ಸರ್ವರ್‌ನಿಂದ ಮೇಲ್ ಹೊರಗೆ ಹೋಗದಂತೆ ಹಿಡಿಯೋದು ಹೇಗೆ? ಅನುಭವ ಹೇಳಿ

ಹೊಸಬ_ಆಪ್ಸ್: ಡೆವ್ ಸರ್ವರನ್ನು (ಡೆವಲಪರ್‌ಗಳು ಪ್ರಯೋಗಕ್ಕೆ ಬಳಸುವ ಸರ್ವರ್) ಆನ್ಸಿಬಲ್‌ನಲ್ಲಿ (ಸರ್ವರ್ ಸಿದ್ಧಪಡಿಸುವ ಟಾಸ್ಕ್‌ಗಳನ್ನು ತಾನೇ ಓಡಿಸುವ ಟೂಲ್) ಕಟ್ಟುತ್ತಿದ್ದೇನೆ. ಡೇಟಾಬೇಸ್ ಪ್ರೊಡಕ್ಷನ್ನಿನ (ಗ್ರಾಹಕರು ಬಳಸುವ ನಿಜವಾದ ಸಿಸ್ಟಮ್) ಕಾಪಿ. ಗ್ರಾಹಕರಿಗೆ ಒಂದು ಮೇಲ್ ಕೂಡ ಹೋಗಬಾರದು. ಮೇಲನ್ನು ಹೊರಗೆ ಬಿಡದೆ ತನ್ನ ಡಬ್ಬದಲ್ಲೇ ಹಿಡಿದು ತೋರಿಸುವ ಮೇಲ್‌ಪಿಟ್ ಸಾಕೇ?

ತುಂಗಾತೀರ: ಕೈ ಸುಟ್ಟುಕೊಂಡವನು ನಾನು, ಕೇಳಿ. ಆ್ಯಪ್‌ನ ಎನ್ವಿರಾನ್‌ಮೆಂಟ್ ಫೈಲಿನಲ್ಲಿ (ಸೆಟ್ಟಿಂಗ್ ಫೈಲ್) ಎಸ್‌ಎಂಟಿಪಿಯನ್ನು (ಮೇಲ್ ಕಳಿಸುವ ದಾರಿ) ಲೋಕಲ್‌ಹೋಸ್ಟ್ 1025ಕ್ಕೆ, ಅಂದರೆ ಅದೇ ಸರ್ವರ್‌ನಲ್ಲಿ ಮೇಲ್ ಹಿಡಿಯುವ ಡಬ್ಬದ ಪೋರ್ಟಿಗೆ ತಿರುಗಿಸಿದೆ. ವರ್ಕರ್ (ಹಿನ್ನೆಲೆಯಲ್ಲಿ ಮೇಲ್ ಕಳಿಸುವ ಪ್ರೋಗ್ರಾಂ) ರೀಸ್ಟಾರ್ಟ್ ಮಾಡೋಕೆ ಹ್ಯಾಂಡ್ಲರ್ ಇತ್ತು, ಅಂದರೆ ಟಾಸ್ಕ್ ಏನಾದರೂ ಬದಲಿಸಿದರೆ ಮಾತ್ರ ಕೊನೆಯಲ್ಲಿ ಓಡುವ ಹೆಜ್ಜೆ. ಅಷ್ಟರಲ್ಲಿ ಮುಂದಿನ ಟಾಸ್ಕ್ ಫೇಲ್ ಆಯಿತು. ಪ್ಲೇ (ಟಾಸ್ಕ್‌ಗಳ ಸರಣಿ) ಅಲ್ಲೇ ನಿಂತಿತು, ಹ್ಯಾಂಡ್ಲರ್ ಓಡಲಿಲ್ಲ. ಸರಿಮಾಡಿ ಮತ್ತೆ ಓಡಿಸಿದರೆ, ಫೈಲ್ ಆಗಲೇ ಬದಲಾಗಿತ್ತಲ್ವಾ, ಎಲ್ಲ ಹಸಿರು. ಹ್ಯಾಂಡ್ಲರನ್ನು ಯಾರೂ ಕರೆಯಲಿಲ್ಲ. ಹಳೆಯ ಸೆಟ್ಟಿಂಗ್‌ನಲ್ಲೇ ವರ್ಕರ್ ಓಡುತ್ತಿತ್ತು. ರಾತ್ರಿ 2ರ ಕ್ರಾನ್‌ಗೆ (ನಿಗದಿತ ಸಮಯಕ್ಕೆ ತಾನೇ ಓಡುವ ಕೆಲಸ) 1,140 ಜನರಿಗೆ ‘ಬಿಲ್ ಬಾಕಿ ಇದೆ’ ಅಂತ ಮೇಲ್ ಹೋಯಿತು. ನಾಲ್ಕು ದಿನ ಕ್ಷಮೆ ಕೇಳುವ ಫೋನ್ ಮಾಡಿದೆ. ಈಗ ಸೆಟ್ಟಿಂಗ್ ಬದಲಿಸುವ ಟಾಸ್ಕ್ ಆದ ಕೂಡಲೇ ಫ್ಲಶ್ ಹ್ಯಾಂಡ್ಲರ್ಸ್ ಹಾಕುತ್ತೇನೆ, ಹ್ಯಾಂಡ್ಲರ್ ಕೊನೆಯವರೆಗೆ ಕಾಯದೆ ಅಲ್ಲೇ ಓಡುತ್ತದೆ.

ಕರಾವಳಿ_ಕೋಡ್: ಹ್ಯಾಂಡ್ಲರನ್ನು ಯಾಕೆ ಬೈಯುತ್ತೀರಿ? ಫೈರ್‌ವಾಲ್‌ನಲ್ಲಿ ಮೇಲ್ ಹೊರಹೋಗುವ 25, 465, 587 ಪೋರ್ಟ್ ಮುಚ್ಚಿದ್ದರೆ ಒಂದೂ ಹೋಗುತ್ತಿರಲಿಲ್ಲ. ನಾನು ಮೊದಲ ದಿನವೇ ಮುಚ್ಚಿದೆ. 2020ರ ನಂತರ ಮೇಲ್‌ಹಾಗ್‌ಗೆ (ಮೇಲ್‌ಪಿಟ್‌ನಂಥದ್ದೇ ಹಳೆಯ ಟೂಲ್) ಹೊಸ ರಿಲೀಸ್ ಬರಲಿಲ್ಲ, ಮೇಲ್‌ಪಿಟ್‌ಗೆ ಬಂದೆ. ಮೇಲ್ ಒಳಬರಲು ಅದೇ 1025, ಬ್ರೌಸರ್‌ನಲ್ಲಿ ನೋಡಲು ಅದೇ 8025, ಪ್ಲೇಬುಕ್ಕಿನಲ್ಲಿ (ಆನ್ಸಿಬಲ್‌ನ ಟಾಸ್ಕ್ ಬರೆದಿಡುವ ಫೈಲ್) ಜಾಸ್ತಿ ಬದಲಿಸಲಿಲ್ಲ. ಒಂದೇ ಒಂದು ಪೆಟ್ಟು ತಿಂದೆ. 2,000 ಮೇಲ್ ಕಳಿಸಿ ನೋಡಿದರೆ ಡಬ್ಬದಲ್ಲಿ 500 ಮಾತ್ರ! ಅರ್ಧ ದಿನ ನಮ್ಮ ಕ್ಯೂ ಕೋಡನ್ನೇ ಕೆದಕಿದೆ. ಆಮೇಲೆ ಗೊತ್ತಾಯಿತು, ಡಿಫಾಲ್ಟ್ ಮಿತಿಯೇ 500, ಹಳೆಯದನ್ನು ಅದೇ ಅಳಿಸುತ್ತದೆ.

ಮಲೆನಾಡಿಗ: ಪೋರ್ಟ್ ಮುಚ್ಚಿ ನೆಮ್ಮದಿಯಾಗಿ ಮಲಗಿದವನು ನಾನೂ. ನಮ್ಮ ಆ್ಯಪ್ ಮೇಲ್ ಕಳಿಸುತ್ತಿದ್ದದ್ದು ಮೇಲ್ ಸೇವೆಯೊಂದರ ಎಪಿಐ ಮೂಲಕ, ವೆಬ್‌ಸೈಟ್‌ಗಳು ಬಳಸುವ 443 ಪೋರ್ಟಿನಲ್ಲಿ. ಯಾವ ಡಬ್ಬಕ್ಕೂ ಬೀಳದೆ ನೇರ ಹೋಯಿತು. ತಪ್ಪಿನ ಬೇರು ಪ್ರೊಡಕ್ಷನ್ ಕಾಪಿಯಲ್ಲಿದೆ. ನಾವೀಗ ರಿಸ್ಟೋರ್ ಆದ ತಕ್ಷಣ ಎಲ್ಲ ವಿಳಾಸವನ್ನೂ ಎಕ್ಸಾಂಪಲ್ ಡಾಟ್ ಕಾಮ್‌ಗೆ (ಉದಾಹರಣೆಗೆಂದೇ ಮೀಸಲಿಟ್ಟ ಡೊಮೇನ್) ಬದಲಿಸುತ್ತೇವೆ. ನಿಜವಾಗಿ ಮೇಲ್ ಕಳಿಸಲು ಬೇಕಾದ ಲೈವ್ ಎಪಿಐ ಕೀಯನ್ನು ಡೆವ್‌ಗೆ ತರುವುದೇ ಇಲ್ಲ.

ಕರಾವಳಿ_ಕೋಡ್: ವಿಳಾಸ ಬದಲಿಸಿದರೆ ಬಗ್ ಎಲ್ಲಿ ಸಿಗುತ್ತದೆ? ಒಬ್ಬ ಗ್ರಾಹಕರ ವಿಳಾಸದಲ್ಲಿ ಪ್ಲಸ್ ಚಿಹ್ನೆ ಇತ್ತು, ನಮ್ಮ ಲಿಂಕ್ ಒಡೆಯಿತು. ನಿಜವಾದ ಡೇಟಾ ಇದ್ದಿದ್ದಕ್ಕೇ ಸಿಕ್ಕಿತು.

ಮಲೆನಾಡಿಗ: ಪ್ಲಸ್ ಇರುವ ವಿಳಾಸ ಬೇಕಿದ್ದರೆ ನೀವೇ ಹತ್ತು ಸೃಷ್ಟಿಸಿ. ಅದಕ್ಕೆ ಗ್ರಾಹಕರ ಪಟ್ಟಿಯನ್ನೇ ಡೆವ್ ಸರ್ವರ್‌ನಲ್ಲಿ ಇಡಬೇಕಾ? ಅವರು ನಂಬಿ ಕೊಟ್ಟ ವಿಳಾಸ ಅದು!

ತುಂಗಾತೀರ: ಫೋನ್ ಮಾಡಿ ಕ್ಷಮೆ ಕೇಳಿದ ಮೇಲೆ ನಾನೂ ಮಲೆನಾಡಿಗರ ಕಡೆ. ಆದರೆ ಹ್ಯಾಂಡ್ಲರ್ ವಿಷಯ ಸಣ್ಣದು ಅಂತ ಮಾತ್ರ ಯಾರೂ ಹೇಳಬೇಡಿ.