ಸಹಾಯ ಬೇಕು: ಲಿನಕ್ಸ್ ಲ್ಯಾಪ್‌ಟಾಪ್ ಆನ್ ಆಗೋಕೆ ಯಾಕಿಷ್ಟು ತಡ?

ಎಸ್‌ಎಸ್‌ಡಿ ಇದ್ರೂ ಲಾಗಿನ್ ಪರದೆ ಬರೋಷ್ಟರಲ್ಲಿ ಸಾಕುಸಾಕಾಗುತ್ತೆ. ಸ್ವಾಪ್ ಪಾರ್ಟಿಷನ್ (ಮೆಮೊರಿ ಸಾಲದಾದಾಗ ಬಳಸೋ ಡಿಸ್ಕ್ ಭಾಗ) ಹೊಸದಾಗಿ ಫಾರ್ಮ್ಯಾಟ್ ಮಾಡಿದ್ಮೇಲೆ ಶುರುವಾದ ಕಾಟ ಇದು. ಮೊದಲು 'ಸ್ಟಾರ್ಟ್ ಜಾಬ್ ಈಸ್ ರನ್ನಿಂಗ್' ಅಂತ 90 ಸೆಕೆಂಡ್ ಎಣಿಸ್ತಾ ಕೂರ್ತಿತ್ತು. ಪಾರ್ಟಿಷನ್‌ನ ಹೊಸ ಯುಯುಐಡಿಯನ್ನ (ಗುರುತಿನ ಸಂಖ್ಯೆ) ಎಫ್‌ಎಸ್‌ಟ್ಯಾಬ್‌ಗೆ (ಆನ್ ಆಗುವಾಗ ಯಾವ ಪಾರ್ಟಿಷನ್ ಜೋಡಿಸ್ಬೇಕು ಅನ್ನೋ ಪಟ್ಟಿ) ಹಾಕ್ದೆ, ಅದು ಹೋಯ್ತು. ಈಗ ಕಪ್ಪು ಪರದೆಯಲ್ಲೇ ತುಂಬಾ ಹೊತ್ತು ನಿಂತು, 'ಗೇವ್ ಅಪ್ ವೇಟಿಂಗ್ ಫಾರ್ ಸಸ್ಪೆಂಡ್/ರೆಸ್ಯೂಮ್ ಡಿವೈಸ್' ಅಂತ ತೋರಿಸಿ, ಆಮೇಲೆ ಮಾಮೂಲಿ ವೇಗದಲ್ಲಿ ಮುಂದೆ ಹೋಗುತ್ತೆ. ಸಿಸ್ಟಮ್‌ಡಿ-ಅನಲೈಜ್ ಬ್ಲೇಮ್ (ಯಾವ ಸರ್ವೀಸ್ ಎಷ್ಟು ಹೊತ್ತು ತಗೊಂಡಿತು ಅಂತ ತೋರಿಸೋ ಕಮಾಂಡ್) ನೋಡಿದ್ರೆ ಎಲ್ಲಾ ಸರ್ವೀಸೂ ಸಾಚಾ! ಟೈಮ್ ಪೂರ್ತಿ ಕರ್ನಲ್ (ಲಿನಕ್ಸ್‌ನ ತಿರುಳು) ಲೆಕ್ಕಕ್ಕೆ ಹೋಗಿದೆ. ಹಾಗಾಗಿ 'ಸರ್ವೀಸ್ ಆಫ್ ಮಾಡಿ' ಅನ್ನೋ ಸಲಹೆ ಇಲ್ಲಿ ನಡೆಯಲ್ಲ.

ಹಳೇ ಯುಯುಐಡಿ ಇನಿಟ್‌ರಾಮ್‌ಎಫ್‌ಎಸ್ (ಆನ್ ಆಗುವಾಗ ಮೊದಲು ಲೋಡ್ ಆಗೋ ಪುಟ್ಟ ಫೈಲ್ ಸಿಸ್ಟಮ್) ಒಳಗೆ ಇನ್ನೂ ಕೂತಿದೆ ಅಂತ ನನ್ನ ಅನುಮಾನ. ಹೈಬರ್ನೇಟ್ (ಮೆಮೊರಿಯಲ್ಲಿರೋದನ್ನ ಸ್ವಾಪ್‌ಗೆ ಬರೆದು ಆಫ್ ಆಗೋದು) ಬಳಸೋದೇ ಇಲ್ಲ ನಾನು. ಅದರ ರೆಸ್ಯೂಮ್ ಸೆಟ್ಟಿಂಗ್ ಫೈಲಲ್ಲಿ 'ರೆಸ್ಯೂಮ್=ನನ್' ಅಂತ ಬರೆದು ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ ಓಡಿಸಿದ್ರೆ ಸಾಕಾ, ಇಲ್ಲಾ ಗ್ರಬ್ (ಲಿನಕ್ಸನ್ನ ಲೋಡ್ ಮಾಡೋ ಬೂಟ್‌ಲೋಡರ್) ಸೆಟ್ಟಿಂಗ್‌ನಲ್ಲೂ ಏನಾದ್ರೂ ಬದಲಾಯಿಸ್ಬೇಕಾ?