ಪದಚರ್ಚೆ: ‘ಸಪೋರ್ಟ್ ಮಾಡುತ್ತದೆ’ ಅನ್ನುವುದಕ್ಕೆ ಏನನ್ನೋಣ? (ಇಂಟರ್ನೆಟ್ ಫೋನ್ ವ್ಯಾಪಾರದ ಮಾತುಗಳು)

ಎಲ್ಲರಿಗೂ ನಮಸ್ಕಾರ.

ಇಂಟರ್ನೆಟ್ ಮೂಲಕ ಮಾತಾಡುವ ಫೋನು, ಆಫೀಸಿನೊಳಗೆ ಕರೆಗಳನ್ನು ಹಂಚುವ ಎಕ್ಸ್‌ಚೇಂಜು, ಮಾಮೂಲಿ ಟೆಲಿಫೋನ್ ಲೈನನ್ನು ಇದಕ್ಕೆ ಜೋಡಿಸುವ ಗೇಟ್‌ವೇ ಇವನ್ನೆಲ್ಲ ಮಾರುವ ಹುಬ್ಬಳ್ಳಿಯ ಅಂಗಡಿಯೊಂದಕ್ಕೆ ಕನ್ನಡ ಕರಪತ್ರ ಬರೆದುಕೊಡುತ್ತಿದ್ದೇನೆ. ಓದುವವರು ಗೋಕುಲ ರಸ್ತೆಯ ಸಣ್ಣ ಕಾರ್ಖಾನೆಯವರು, ಬ್ಯಾಡಗಿಯ ಮೆಣಸಿನಕಾಯಿ ದಲಾಲರು, ಗದಗಿನ ನರ್ಸಿಂಗ್ ಹೋಮಿನವರು. ಯಾವ ಕಂಪನಿಯ ಕರಪತ್ರ ತೆಗೆದರೂ ಒಂದು ಸಾಲು ಇದ್ದೇ ಇರುತ್ತದೆ: ‘ಎಲ್ಲಾ ಸಿಪ್ ಫೋನ್‌ಗಳನ್ನು ಬೆಂಬಲಿಸುತ್ತದೆ’. ಸಿಪ್ ಅಂದರೆ ಇಂಟರ್ನೆಟ್ ಫೋನುಗಳು ಕರೆ ಜೋಡಿಸಲು ಪಾಲಿಸುವ ಒಂದು ನಿಯಮ. ಇಂಗ್ಲಿಷಿನ ‘ಸಪೋರ್ಟ್’ಗೆ ಇಟ್ಟ ಈ ‘ಬೆಂಬಲಿಸುತ್ತದೆ’ ನನಗೆ ಸರಿ ಕಾಣುತ್ತಿಲ್ಲ.

ಕನ್ನಡದಲ್ಲಿ ಬೆಂಬಲ ಕೊಡುವವರು ಮನುಷ್ಯರು. ಚಳವಳಿಗೆ ಬೆಂಬಲ, ಅಭ್ಯರ್ಥಿಗೆ ಬೆಂಬಲ. ಮಾರುಕಟ್ಟೆಯಲ್ಲಿ ಕೂತವರಿಗೆ ಬೆಂಬಲ ಅಂದರೆ ಮೊದಲು ನೆನಪಾಗುವುದು ಬೆಂಬಲ ಬೆಲೆ. ಒಂದು ಪೆಟ್ಟಿಗೆ ಒಂದು ಫೋನನ್ನು ಬೆಂಬಲಿಸುತ್ತದೆ ಅಂದರೆ ಏನು ತಿಳಿಯಬೇಕು?

ಇದು ಸುಮ್ನೆ ಭಾಷೆಯ ಚಂದದ ಮಾತಲ್ಲ. ಈ ವ್ಯಾಪಾರದ ಪೈಪೋಟಿ ನಿಂತಿರುವುದೇ ಈ ಒಂದು ಮಾತಿನ ಮೇಲೆ. ಮೊದಲೆಲ್ಲ ಯಾವ ಕಂಪನಿಯ ಎಕ್ಸ್‌ಚೇಂಜ್ ತಗೊಂಡರೋ ಒಳ್ಳೆಯ ಬಟನ್ ಫೋನನ್ನೂ ಅವರಿಂದಲೇ ಕೊಳ್ಳಬೇಕಿತ್ತು. 1996ರಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಇಂಟರ್ನೆಟ್ ಮೂಲಕ ಕರೆ ಮಾಡಲು ಎಚ್.323 ಎಂಬ ನಿಯಮ ತಂದಿತು. 1999ರಲ್ಲಿ ಸಿಪ್ ಬಂತು. 2002ರಲ್ಲಿ ಅದನ್ನು ತಿದ್ದಿ ಆರ್‌ಎಫ್‌ಸಿ 3261 ಎಂಬ ದಾಖಲೆಯಾಗಿ ಹೊರತಂದರು. ಆಮೇಲೆ ದಾರಿ ತೆರೆಯಿತು. ಚೀನಾದ ಯೀಲಿಂಕ್, ಬಾಸ್ಟನ್ನಿನ ಗ್ರ್ಯಾಂಡ್‌ಸ್ಟ್ರೀಮ್, ನಮ್ಮ ವಡೋದರಾದ ಮ್ಯಾಟ್ರಿಕ್ಸ್, ಎಲ್ಲರೂ ಒಂದೇ ಸಂತೆಗೆ ಬಂದರು. ದೊಡ್ಡ ಕಂಪನಿಗಳು ಮಾತ್ರ ತಮ್ಮದೇ ಭಾಷೆಯನ್ನು ಬೇಗ ಬಿಡಲಿಲ್ಲ. 1998ರಲ್ಲಿ ಸೆಲ್ಸಿಯಸ್ ಕಂಪನಿಯನ್ನು ಕೊಂಡ ಸಿಸ್ಕೊ ಬಹಳ ವರ್ಷ ತನ್ನ ಫೋನುಗಳನ್ನು ‘ಸ್ಕಿನ್ನಿ’ ಎಂಬ ಸ್ವಂತ ನಿಯಮದ ಮೇಲೆಯೇ ನಡೆಸಿತು.

ಇನ್ನೊಂದು ಕಡೆ 1999ರಲ್ಲಿ ಅಮೆರಿಕದ ಮಾರ್ಕ್ ಸ್ಪೆನ್ಸರ್ ಎಂಬ ಹುಡುಗ, ತನ್ನ ಸಣ್ಣ ಕಂಪನಿಗೆ ಎಕ್ಸ್‌ಚೇಂಜ್ ಕೊಳ್ಳುವಷ್ಟು ದುಡ್ಡಿಲ್ಲ ಎಂದು ತಾನೇ ಆಸ್ಟರಿಸ್ಕ್ ಎಂಬ ಎಕ್ಸ್‌ಚೇಂಜ್ ಸಾಫ್ಟ್‌ವೇರ್ ಬರೆದ. ಆ ಸಾಫ್ಟ್‌ವೇರನ್ನು ಪುಕ್ಕಟೆ ಕೊಟ್ಟ. ಅವನ ಡಿಜಿಯಂ ಕಂಪನಿ ದುಡಿದದ್ದು ಕಂಪ್ಯೂಟರಿಗೆ ಟೆಲಿಫೋನ್ ಲೈನ್ ಜೋಡಿಸುವ ಕಾರ್ಡ್ ಮಾರಿ. ಎಕ್ಸ್‌ಚೇಂಜೇ ಪುಕ್ಕಟೆ ಸಿಗುವಾಗ ಫೋನ್ ಮಾರುವವನು ಏನು ಹೇಳಿ ಮಾರಬೇಕು? ‘ನನ್ನದು ಎಲ್ಲದಕ್ಕೂ ಹೊಂದುತ್ತದೆ’ ಎಂದೇ ಅಲ್ವಾ?

ಆದರೆ ಹೊಂದುವುದರಲ್ಲಿ ತರತಮ ಇದೆ. ನರ್ಸಿಂಗ್ ಹೋಮಿನ ಸ್ವಾಗತದ ಮೇಜಿನ ಮೇಲಿರುವ ಫೋನ್ ನೋಡಿ. ಪಕ್ಕದಲ್ಲಿ ಸಾಲಾಗಿ ಬಟನ್ನುಗಳು. ಡಾಕ್ಟರು ಮಾತಾಡುತ್ತಿದ್ದರೆ ಅವರ ಬಟನ್ ಕೆಂಪಗೆ ಹೊತ್ತಿಕೊಳ್ಳಬೇಕು, ಫೋನ್ ಇಟ್ಟರೆ ಹಸಿರಾಗಬೇಕು. ಅದನ್ನು ನೋಡಿಕೊಂಡೇ ಅಲ್ಲಿ ಕೂತವರು ಕರೆ ದಾಟಿಸುವುದು. ಬೇರೆ ಕಂಪನಿಯ ಸಿಪ್ ಫೋನ್ ತಂದು ಜೋಡಿಸಿದರೆ ಕರೆ ಬರುತ್ತದೆ, ಹೋಗುತ್ತದೆ. ಆ ದೀಪ ಮಾತ್ರ ಎಷ್ಟೋ ಸಲ ಹೊತ್ತುವುದೇ ಇಲ್ಲ. ಒಮ್ಮೊಮ್ಮೆ ಕರೆ ದಾಟಿಸುವ ಬಟನ್ನೂ ಕೆಲಸ ಮಾಡುವುದಿಲ್ಲ. ಕರಪತ್ರದಲ್ಲಿ ಬರೆದದ್ದು ಸುಳ್ಳೇನಲ್ಲ, ಕೊಂಡವರಿಗೆ ಮೋಸವಾದಂತೆ ಅನ್ನಿಸುವುದೂ ತಪ್ಪಲ್ಲ. ಎರಡು ಬೇರೆ ಬೇರೆ ಸಂಗತಿಗೆ ಒಂದೇ ಪದ ಬಳಸಿದ್ದರಿಂದ ಬಂದ ಜಗಳ ಇದು.

ನಮ್ಮ ಕಡೆ ಗಿರಾಕಿಗಳು ಕೇಳುವ ರೀತಿಯಲ್ಲೇ ಈ ಎರಡೂ ಇವೆ. ‘ಹಳೇ ಫೋನ್ ಇದಕ್ಕ ಕೂಡತಾವೇನ್ರಿ?’ ಅಂತ ಒಬ್ಬರು. ‘ಇದಕ್ಕ ಪೂರ್ತಿ ಹೊಂದತೈತೇನ್ರಿ?’ ಅಂತ ಇನ್ನೊಬ್ಬರು. ಹಾಗಾಗಿ ನನ್ನ ಸಲಹೆ ಇದು. ಕರೆ ಬಂದು ಹೋದರೆ ಸಾಕು ಅನ್ನುವಲ್ಲಿ ‘ಕೂಡುತ್ತದೆ’ ಎಂದು ಬರೆಯೋಣ. ದೀಪ, ಬಟನ್, ಎಲ್ಲವೂ ಸರಿಯಾಗಿ ನಡೆಯುವಲ್ಲಿ ಮಾತ್ರ ‘ಹೊಂದುತ್ತದೆ’ ಎನ್ನೋಣ. ‘ಕೂಡುತ್ತದೆ’ಗೆ ಒಂದು ತೊಡಕಿದೆ. ಧಾರವಾಡದ ಕಡೆ ‘ಕೂಡ್ರಿ’ ಅಂದರೆ ಕುಳಿತುಕೊಳ್ಳಿ ಎಂದರ್ಥ. ಫೋನಿನ ಮಾತಿನಲ್ಲಿ ಅದು ಅಡ್ಡ ಬರಲಾರದು ಎಂದು ನನ್ನ ಎಣಿಕೆ. ‘ಒಗ್ಗುತ್ತದೆ’ ಎಂಬುದನ್ನೂ ಯೋಚಿಸಿದೆ. ಆದರೆ ಊರಿನ ನೀರು ಒಗ್ಗುವುದು, ಹವಾ ಒಗ್ಗುವುದು ದಿನ ಕಳೆದಂತೆ ಆಗುವ ಕೆಲಸ. ಫೋನ್ ಹಾಗಲ್ಲ, ಮೊದಲ ದಿನ ಹೊಂದದೇ ಇದ್ದದ್ದು ದಿನ ಕಳೆದ ಮಾತ್ರಕ್ಕೆ ಹೊಂದುವುದಿಲ್ಲ.

ಎರಡನೆಯ ಪದ ‘ಲೈಸೆನ್ಸ್’. ಎಕ್ಸ್‌ಚೇಂಜ್ ಕೊಂಡ ಮೇಲೂ ಕೆಲವು ಕಂಪನಿಯವರು ಒಂದೊಂದು ಫೋನಿಗೆ ಇಷ್ಟು ಎಂದು ದುಡ್ಡು ಕೇಳುತ್ತಾರಲ್ಲ, ಅದು. ಇದನ್ನು ‘ಪರವಾನಗಿ’ ಎಂದು ಬರೆದದ್ದನ್ನು ನೋಡಿದ್ದೇನೆ. ಇದು ಖಂಡಿತ ಬೇಡ. ದಲಾಲರಿಗೆ ಪರವಾನಗಿ ಅಂದರೆ ಎಪಿಎಂಸಿ ಕಾಗದ, ಸರ್ಕಾರದ ಠಸ್ಸೆ. ಅದರಲ್ಲೂ ನಮ್ಮ ದೇಶದಲ್ಲಿ ಇಂಟರ್ನೆಟ್ ಫೋನಿಗೆ ಸರ್ಕಾರ ಒಪ್ಪಿಗೆ ಕೊಟ್ಟದ್ದೇ 2002ರ ಏಪ್ರಿಲ್‌ನಲ್ಲಿ, ಅದೂ ಷರತ್ತಿನ ಮೇಲೆ. ಹಳಬರಿಗೆ ಆ ಅಂಜಿಕೆ ಇನ್ನೂ ಇದೆ. ‘50 ಪರವಾನಗಿ’ ಎಂದು ಓದಿದರೆ ಯಾವ ಆಫೀಸಿಗೆ ಅರ್ಜಿ ಹಾಕಬೇಕು ಎಂದು ಕೇಳುತ್ತಾರೆ. ‘ಫೋನಿಗೊಂದು ಶುಲ್ಕ’ ಎಂದು ಬಿಡಿಸಿ ಬರೆದರೆ ಸಾಕು ಅನ್ನಿಸುತ್ತದೆ. ಒಂದೇ ಸಲದ್ದೋ ವರ್ಷ ವರ್ಷ ಕೊಡುವುದೋ ಎಂಬುದನ್ನೂ ಅದರ ಜೊತೆಗೇ ಹೇಳಬೇಕು.

‘ಮುಕ್ತ’ ಎಂಬ ಪದಕ್ಕೂ ಎಚ್ಚರ ಬೇಕು. ಮೊದಲು ಬಂದರೆ ತೆರೆದದ್ದು: ಮುಕ್ತ ಮಾನಕ, ಅಂದರೆ ಯಾರು ಬೇಕಾದರೂ ಬಳಸಬಹುದಾದ ನಿಯಮ. ಕೊನೆಗೆ ಬಂದರೆ ಇಲ್ಲದ್ದು: ಸಾಲಮುಕ್ತ, ತೆರಿಗೆಮುಕ್ತ. ಒಂದು ಕರಪತ್ರದಲ್ಲಿ ‘ಮಾನಕಮುಕ್ತ ಫೋನ್’ ಎಂದು ಅಚ್ಚಾಗಿತ್ತು. ಯಾವ ನಿಯಮವನ್ನೂ ಪಾಲಿಸದ ಫೋನ್ ಎಂದಾಯಿತು. ‘ಎಲ್ಲರಿಗೂ ತೆರೆದ ನಿಯಮ’ ಎಂದರೆ ಉದ್ದವಾದರೂ ತಪ್ಪು ತಿಳಿಯುವ ಭಯವಿಲ್ಲ.

‘100 ಬಳಕೆದಾರರು, 30 ಏಕಕಾಲಿಕ ಕರೆಗಳು’ ಎಂಬಲ್ಲಿ ಎರಡನೆಯದನ್ನು ‘ಒಮ್ಮೆಲೇ 30 ಕರೆ’ ಎಂದು ಮಾಡಿದ್ದೇನೆ. ಇದಕ್ಕೆ ಯಾರದೂ ತಕರಾರು ಇರಲಿಕ್ಕಿಲ್ಲ.

ಹಾವೇರಿ, ಗದಗಿನವರು ‘ಕೂಡುತ್ತದೆ’ಯನ್ನು ಒಪ್ಪುತ್ತಾರೆ ಎಂದು ಧೈರ್ಯವಿದೆ. ಮೈಸೂರು, ಮಂಗಳೂರಿನ ಕಡೆಯವರು ಹೇಳಬೇಕು: ಒಂದು ಯಂತ್ರ ಇನ್ನೊಂದರ ಜೊತೆ ನಡೆಯುತ್ತದೆಯೇ ಎಂದು ಕೇಳಲು ನಿಮ್ಮ ಅಂಗಡಿಗಳಲ್ಲಿ ಯಾವ ಮಾತಿದೆ? ‘ಸೆಟ್ ಆಗುತ್ತದೆ’ ಬಿಟ್ಟು ಬೇರೆ ಇದ್ದರೆ ಬರೆಯಿರಿ. ಕರಪತ್ರ ಗದಗಿನ ಪ್ರೆಸ್ಸಿಗೆ ಇನ್ನೂ ಹೋಗಿಲ್ಲ, ತಿದ್ದಲು ಸಮಯವಿದೆ.