ಇಂಟರ್‌ನೆಟ್ ಫೋನಿಗೆ ನೀವು ಯಾವ ನಂಬರ್ ಆರಿಸಿಕೊಂಡಿರಿ? ಅನುಭವ ತಿಳಿಸಿ

ಹನ್ನೊಂದು ಮೇಜು:
ನಮ್ಮದು 11 ಜನರ ಕಚೇರಿ. ಕಳೆದ 14 ವರ್ಷಗಳಿಂದ ಒಂದೇ ಲ್ಯಾಂಡ್‌ಲೈನ್ ನಂಬರಿನಲ್ಲಿ ವ್ಯವಹಾರ ನಡೆದಿದೆ. ಮುಂದಿನ ತಿಂಗಳು ಇಂಟರ್‌ನೆಟ್ ಫೋನ್ ವ್ಯವಸ್ಥೆಗೆ ಹೋಗುತ್ತಿದ್ದೇವೆ. ಹಳೆಯ ನಂಬರನ್ನೇ ಪೋರ್ಟ್ ಮಾಡಿಸಿ ಹೊಸ ಕಂಪನಿಗೆ ಒಯ್ಯುವುದೋ, ಬಾಯಲ್ಲಿ ನಿಲ್ಲುವಂಥ ಹೊಸ ನಂಬರ್ ಕೊಳ್ಳುವುದೋ, ಟೋಲ್ ಫ್ರೀ ತೆಗೆದುಕೊಳ್ಳುವುದೋ ತೀರ್ಮಾನವಾಗುತ್ತಿಲ್ಲ. ಗ್ರಾಹಕರಲ್ಲಿ ಅರ್ಧದಷ್ಟು ಮಂದಿ ಬೇರೆ ಊರಿನವರು, ಕೆಲವರು ಹೊರದೇಶದವರು. ಅನುಭವಿಗಳು ತಿಳಿಸಿದರೆ ಉಪಕಾರವಾಗುತ್ತದೆ.

ಸೋಮವಾರದ ಗಂಟೆ:
ನಾಲ್ಕು ಸೊನ್ನೆಗಳಲ್ಲಿ ಮುಗಿಯುವ ನಂಬರಿಗೆ ಆಸೆಪಟ್ಟು ಕೈ ಸುಟ್ಟುಕೊಂಡವನು ನಾನು. ಸಾದಾ ನಂಬರಿಗೆ ತಿಂಗಳ ಬಾಡಿಗೆ ಬಿಟ್ಟರೆ ಬೇರೆ ಖರ್ಚಿರಲಿಲ್ಲ. ಇದಕ್ಕೆ ಆರಂಭದಲ್ಲೇ 26 ತಿಂಗಳ ಬಾಡಿಗೆಯಷ್ಟು ಮೊತ್ತ ತೆತ್ತೆ. 2000 ವಿಸಿಟಿಂಗ್ ಕಾರ್ಡ್, ಬಾಗಿಲ ಮೇಲಿನ ಬೋರ್ಡು, ವ್ಯಾನಿನ ಎರಡೂ ಬದಿಯ ಬರಹ, ರಬ್ಬರ್ ಸ್ಟ್ಯಾಂಪು, ಎಲ್ಲವನ್ನೂ ನಂಬರ್ ಚಾಲೂ ಆಗುವ ಮೊದಲೇ ಮಾಡಿಸಿಟ್ಟಿದ್ದೆ. ಸೋಮವಾರ ಬೆಳಿಗ್ಗೆ 9 ಗಂಟೆ 5 ನಿಮಿಷಕ್ಕೆ ಮೊದಲ ಕರೆ ಬಂತು. ಆ ಕಡೆಯವರು ನಾನು ಯಾರೆಂದು ಕೂಡ ಕೇಳದೆ, ‘ಮೂರು ಕಂತು ಬಾಕಿ ಇದೆ, ಈ ಸಲ ನೆಪ ಹೇಳಬೇಡಿ’ ಎಂದರು. ನಂಬರ್ ಮೊದಲು ಯಾರ ಬಳಿಯಿತ್ತೋ ಅವರು ಸಾಲ ಮಾಡಿ ಅದನ್ನು ಬಿಟ್ಟುಕೊಟ್ಟಿದ್ದರು. ಮೇಜಿನ ಮೇಲೆ ಒಂದು ನೋಟ್‌ಬುಕ್ ಇಟ್ಟು ಗೆರೆ ಎಳೆಯತೊಡಗಿದೆ: ಒಂಬತ್ತು ದಿನಗಳಲ್ಲಿ 41 ಕರೆ, ಅವುಗಳಲ್ಲಿ ನಮಗೆ ಸಂಬಂಧಪಟ್ಟವು 12.

ಅದಕ್ಕಿಂತ ದೊಡ್ಡ ಪೆಟ್ಟು ಮೂರನೇ ವಾರದಲ್ಲಿ ತಿಳಿಯಿತು. ನಾವು ಮಾಡಿದ ಕರೆಗಳು ಗ್ರಾಹಕರ ಮೊಬೈಲಿನಲ್ಲಿ ‘ಸ್ಪ್ಯಾಮ್’ ಎಂಬ ಕೆಂಪು ಪಟ್ಟಿಯ ಕೆಳಗೆ ಕಾಣಿಸುತ್ತಿದ್ದವು, ಏಕೆಂದರೆ ಆ ನಂಬರನ್ನು ಹಿಂದೆ ಬೇಕಾದಷ್ಟು ಜನ ದೂರಿನ ಪಟ್ಟಿಗೆ ಸೇರಿಸಿದ್ದರು. ಅಳಿಸಿ ಎಂದು ಒಂದೊಂದು ಪಟ್ಟಿಯವರಿಗೂ ಬೇರೆ ಬೇರೆ ಅರ್ಜಿ ಕೊಡಬೇಕಾಯಿತು. ಕೊಳ್ಳುವ ಮೊದಲು ಆ ನಂಬರನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಿದ್ದರೆ ಇದಿಷ್ಟೂ ಹತ್ತು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಬೋರ್ಡು ಬರೆದವನಿಗೆ ಎರಡನೇ ಸಲ ಹಣ ಕೊಡುವಾಗ ಅವನು ನಕ್ಕದ್ದು ಇನ್ನೂ ನೆನಪಿದೆ.

ಉಚಿತ ಕರೆ:
ಇಂಥ ರಗಳೆಯೇ ಬೇಡವೆಂದು ನಾವು ನೇರವಾಗಿ ಟೋಲ್ ಫ್ರೀ ತೆಗೆದುಕೊಂಡೆವು. ಏಳು ವರ್ಷಗಳಾದವು, ಒಂದು ದಿನವೂ ಪರಿತಪಿಸಿಲ್ಲ. ಕರೆ ಮಾಡಿದವರ ಬದಲು ಕರೆ ಪಡೆದವರು ಹಣ ತೆರುವ 800ರಿಂದ ಆರಂಭವಾಗುವ ನಂಬರುಗಳ ಸೇವೆ ಅಮೆರಿಕದಲ್ಲಿ 1967ರಲ್ಲಿ ಆರಂಭವಾಯಿತು. ಇಷ್ಟು ದಶಕಗಳ ನಂತರವೂ ಅದು ಉಳಿದಿದೆಯೆಂದರೆ ಅದರಲ್ಲಿ ತಿರುಳಿದೆ ಎಂದೇ ಅರ್ಥ. ಊರಿನ ಕೋಡ್ ಕಂಡ ಕೂಡಲೇ ‘ಇವರು ನಮ್ಮ ಕಡೆಯವರಲ್ಲ’ ಎಂದು ಜನ ಹಿಂಜರಿಯುತ್ತಾರೆ. ಟೋಲ್ ಫ್ರೀ ನಂಬರಿಗೆ ಊರೇ ಇಲ್ಲ. ಕಚೇರಿಯನ್ನು ಎರಡು ಸಲ ಬದಲಾಯಿಸಿದೆವು, ನಂಬರ್ ಬದಲಾಗಲಿಲ್ಲ.

ಅಳತೆಗೋಲು:
ಪ್ರತಿ ನಿಮಿಷದ ಶುಲ್ಕವನ್ನು ಯಾರು ತೆರುತ್ತಾರೆಂಬುದನ್ನು ಮೇಲಿನವರು ಸೊಗಸಾಗಿ ದಾಟಿಸಿಬಿಟ್ಟರು. ನಮ್ಮ ಟೋಲ್ ಫ್ರೀ ಬಿಲ್ಲನ್ನು ನಾನೇ ಸಾಲುಸಾಲಾಗಿ ಓದಿದ್ದೇನೆ. ಒಂದು ತಿಂಗಳಿನಲ್ಲಿ 312 ಒಳಬರುವ ಕರೆಗಳ ಪೈಕಿ 97 ಕರೆಗಳು ಧ್ವನಿಮುದ್ರಿತ ಜಾಹೀರಾತುಗಳಾಗಿದ್ದವು. ನಮ್ಮ ಸ್ವಾಗತ ಸಂದೇಶವನ್ನು ಆ ಯಂತ್ರಗಳು ಪೂರ್ತಿಯಾಗಿ ಕೇಳಿಸಿಕೊಂಡವು, ಅಷ್ಟಕ್ಕೂ ನಾವು ಹಣ ತೆತ್ತೆವು. ಇಂದು ಬಹುತೇಕ ಮೊಬೈಲ್ ಯೋಜನೆಗಳಲ್ಲಿ ಸಾಮಾನ್ಯ ಕರೆಗೆ ಬೇರೆ ಹಣವಿಲ್ಲದಿರುವಾಗ ಗ್ರಾಹಕನಿಗೆ ನೀವು ಉಳಿಸಿಕೊಡುವುದು ಏನನ್ನು? ಪ್ರಶ್ನೆ ಕೇಳಿದವರಿಗೆ ಹೊರದೇಶದ ಗ್ರಾಹಕರಿದ್ದಾರೆ. ಒಂದು ದೇಶದ ಟೋಲ್ ಫ್ರೀ ನಂಬರ್ ಇನ್ನೊಂದು ದೇಶದಿಂದ ಬಹುಪಾಲು ತಾಗುವುದೇ ಇಲ್ಲ.

ಉಚಿತ ಕರೆ:
800 ಎಂಬ ಕೋಡ್‌ನ ಮುಂದೆ ಎಂಟು ಅಂಕಿಗಳಿರುವ ಅಂತರರಾಷ್ಟ್ರೀಯ ಉಚಿತ ನಂಬರ್ ಎಂಬುದೊಂದು ಇದೆ. ತಿಳಿಯದಿದ್ದರೆ ಕೇಳಬಹುದು.

ಅಳತೆಗೋಲು:
ಇದೆ. ಅದನ್ನು ಪ್ರತಿಯೊಂದು ದೇಶದಲ್ಲೂ ಬೇರೆಯಾಗಿ ಚಾಲೂ ಮಾಡಿಸಬೇಕೆಂಬುದನ್ನೂ ಹೇಳಿಬಿಡಿ. 11 ಜನರ ಕಚೇರಿಗೆ ಆನೆ ಸಾಕುವ ಸಲಹೆ ಕೊಡುತ್ತಿದ್ದೀರಿ.

ಕಳೆದುಕೊಂಡವನು:
ದಯವಿಟ್ಟು ಇಬ್ಬರೂ ತಡೆಯಿರಿ. ನಂಬರ್ ಉಳಿಸಿಕೊಳ್ಳಲು ಹೊರಟು ಕಳೆದುಕೊಂಡ ನನ್ನ ಕಥೆಯನ್ನೂ ಕೇಳಿ. ಪೋರ್ಟ್ ಅರ್ಜಿ ಮೂರು ಸಲ ತಿರಸ್ಕೃತವಾಯಿತು. ಮೊದಲ ಸಲ ಸಂಸ್ಥೆಯ ಹೆಸರು ಹೊಂದಲಿಲ್ಲ: ಹಳೆಯ ಕಂಪನಿಯ ದಾಖಲೆಯಲ್ಲಿ ‘ಅಂಡ್ ಸನ್ಸ್’ ಇತ್ತು, ಅರ್ಜಿಯಲ್ಲಿ ಇರಲಿಲ್ಲ. ಎರಡನೇ ಸಲ ವಿಳಾಸದಲ್ಲಿ ಮಹಡಿಯ ಸಂಖ್ಯೆ ಬಿಟ್ಟುಹೋಗಿತ್ತು. ಮೂರನೇ ಸಲ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ ನನ್ನ ತಮ್ಮ ಹಳೆಯ ಕಂಪನಿಯ ಖಾತೆಯಲ್ಲಿ ಅಧಿಕೃತ ವ್ಯಕ್ತಿಯಾಗಿರಲಿಲ್ಲ. ಇಷ್ಟರಲ್ಲಿ 38 ದಿನಗಳು ಕಳೆದವು. ಎರಡು ಕಡೆ ಬಾಡಿಗೆ ಕಟ್ಟಿ ಸಾಕಾಗಿ ಹಳೆಯ ಲೈನನ್ನು ರದ್ದುಮಾಡಿಸಿದೆ. ರದ್ದಾದ ಲೈನಿನ ನಂಬರನ್ನು ಪೋರ್ಟ್ ಮಾಡಲಾಗದು ಎಂದು ಮರುದಿನ ಹೇಳಿದರು. ನಮ್ಮ ತಂದೆ 22 ವರ್ಷ ಎತ್ತಿ ಮಾತನಾಡಿದ ನಂಬರ್ ಅದು. ಈಗ ಅದಕ್ಕೆ ಕರೆ ಮಾಡಿದರೆ ಚಾಲ್ತಿಯಲ್ಲಿಲ್ಲ ಎಂಬ ಧ್ವನಿ ಬರುತ್ತದೆ.

ತಂತಿ ಎಳೆಯುವವ:
ಫೋನ್ ವ್ಯವಸ್ಥೆ ಕೂರಿಸುವುದೇ ನನ್ನ ಕೆಲಸ, ಆದ್ದರಿಂದ ಬೇಸರವಾದರೂ ಹೇಳುತ್ತೇನೆ. ಪೋರ್ಟ್ ಮುಗಿದು ಹೊಸ ಕಡೆ ಗಂಟೆ ಬಾರಿಸುವವರೆಗೆ ಹಳೆಯ ಲೈನನ್ನು ಮುಟ್ಟಬಾರದೆಂಬುದು ಈ ಕೆಲಸದ ಮೊದಲ ಪಾಠ. ಅದನ್ನು ಮೀರಿದವರು ಕಂಪನಿಯನ್ನು ದೂರುವುದರಲ್ಲಿ ಅರ್ಥವಿಲ್ಲ.

ಇಲ್ಲಿ ಯಾರೂ ಎತ್ತದ ವಿಷಯ ಇನ್ನೊಂದಿದೆ. ನಂಬರ್ ಬೇರೆ, ಚಾನೆಲ್ ಬೇರೆ; ಚಾನೆಲ್ ಎಂದರೆ ಒಂದು ಸಮಯಕ್ಕೆ ಒಂದು ಕರೆ ಸಾಗುವ ದಾರಿ. ಒಮ್ಮೆಗೆ ಹತ್ತು ಕರೆ ಬರಬೇಕೆಂದು ಹತ್ತು ನಂಬರ್ ಕೊಂಡವರನ್ನು ಕಂಡಿದ್ದೇನೆ. ಒಂದೇ ನಂಬರಿಗೆ ಹತ್ತು ಚಾನೆಲ್ ಇದ್ದರೆ ಹತ್ತೂ ಕರೆಗಳು ಬರುತ್ತವೆ. ಇಂಟರ್‌ನೆಟ್ ಸಂಪರ್ಕವೂ ಅದನ್ನು ತಾಳಬೇಕು: ಧ್ವನಿಯನ್ನು ಅಂಕಿಗಳಾಗಿಸುವ ಜಿ.711 ಎಂಬ ಕೋಡೆಕ್‌ನಲ್ಲಿ ಧ್ವನಿಗೆ ಸೆಕೆಂಡಿಗೆ 64 ಕಿಲೋಬಿಟ್ ಬೇಕು, ಅದನ್ನು ತುಂಡುಗಳಾಗಿ ಸಾಗಿಸುವ ಪ್ಯಾಕೆಟ್ಟಿನ ಹೊದಿಕೆಯೂ ಸೇರಿದರೆ ಪ್ರತಿ ಕರೆಗೆ ಒಂದೊಂದು ದಿಕ್ಕಿನಲ್ಲಿ ಸೆಕೆಂಡಿಗೆ ಸುಮಾರು 87 ಕಿಲೋಬಿಟ್. ಒಳಬಂದ ಕರೆಯನ್ನು ಕಚೇರಿಯಲ್ಲಿ ಕರೆ ಹಂಚುವ ಪೆಟ್ಟಿಗೆಯಿಂದ ಮೊಬೈಲಿಗೆ ತಿರುಗಿಸಿದರೆ ಎರಡು ಚಾನೆಲ್ ಹಿಡಿಯುತ್ತದೆ. ಸಿಬ್ಬಂದಿಗೆ ನೇರ ನಂಬರ್ ಬೇಕಿದ್ದರೆ ಅನುಕ್ರಮವಾಗಿರುವ ಒಂದು ಗೊಂಚಲನ್ನೇ ಕೇಳಿ ಪಡೆಯಿರಿ. ಆಮೇಲೆ ಒಂದೊಂದಾಗಿ ಕೇಳಿದರೆ ಚದುರಿದ ನಂಬರುಗಳು ಸಿಗುತ್ತವೆ.

ಕಳೆದುಕೊಂಡವನು:
ಪಾಠ ಗೊತ್ತಿದ್ದರೆ ನಾನು ಇಲ್ಲಿ ಬರೆಯುತ್ತಿರಲಿಲ್ಲ. ನನ್ನ ಲೈನ್ ಕೂರಿಸಲು ಬಂದವರೂ ನಿಮ್ಮ ಕೆಲಸದವರೇ. ಅವರು ಒಂದು ಮಾತೂ ಹೇಳಲಿಲ್ಲ.

ಎರಡು ಕಾಗುಣಿತ:
ನಾವು ಬಣ್ಣದ ವ್ಯಾಪಾರಿಗಳು. ಗುಂಡಿಗಳ ಮೇಲಿನ ಇಂಗ್ಲಿಷ್ ಅಕ್ಷರಗಳಿಂದ ‘ಕಲರ್’ ಎಂದು ಓದಿಸುವ ನಂಬರನ್ನು ದುಬಾರಿ ಬೆಲೆಗೆ ಹಿಡಿದೆವು. ಆ ಪದಕ್ಕೆ ಎರಡು ಕಾಗುಣಿತಗಳಿವೆ ಎಂಬುದು ಯಾರಿಗೂ ಹೊಳೆಯಲಿಲ್ಲ. ಯು ಅಕ್ಷರವಿಲ್ಲದೆ ಒತ್ತಿದರೆ 26567, ಇದ್ದರೆ 265687. ಯು ಸೇರಿಸುವವರೆಲ್ಲ ನಾಲ್ಕು ಅಂಕಿ ಸರಿಯಾಗಿ ಒತ್ತಿ ಐದನೆಯದರಲ್ಲಿ ದಾರಿ ತಪ್ಪುತ್ತಿದ್ದರು, ಕರೆ ಒಬ್ಬ ವೃದ್ಧರ ಮನೆಗೆ ಹೋಗುತ್ತಿತ್ತು. ಆ ವೃದ್ಧರು ಮೊದಲು ನಮ್ಮ ಮೇಲೆ ಕೋಪಗೊಂಡರು, ಆಮೇಲೆ ಕರೆ ಮಾಡಿದವರಿಗೆಲ್ಲ ನಮ್ಮ ಸರಿಯಾದ ನಂಬರ್ ಹೇಳತೊಡಗಿದರು.

ಹಳೆಯ ಕಡತ:
ಫ್ಯಾಕ್ಸ್ ಬಗ್ಗೆ ಒಬ್ಬರೂ ಮಾತನಾಡದಿರುವುದು ಆಶ್ಚರ್ಯ. ಎಲ್ಲ ನಂಬರುಗಳನ್ನೂ ಒಟ್ಟಿಗೆ ಇಂಟರ್‌ನೆಟ್ಟಿಗೆ ಸಾಗಿಸಿದೆವು. ಮರುದಿನದಿಂದ ಹತ್ತು ಪುಟದ ಫ್ಯಾಕ್ಸ್ ನಾಲ್ಕನೇ ಪುಟದಲ್ಲಿ ಸಾಯತೊಡಗಿತು. ಒಂದು ವಾರದ ನಂತರ ಲಿಫ್ಟಿನ ಎಚ್ಚರಿಕೆ ಗುಂಡಿಯೂ ಅದೇ ಹಳೆಯ ಲೈನುಗಳಲ್ಲೊಂದಕ್ಕೆ ಜೋಡಣೆಯಾಗಿತ್ತೆಂದು ತಿಳಿಯಿತು.

ತಂತಿ ಎಳೆಯುವವ:
ಇಂಟರ್‌ನೆಟ್ಟಿನ ಮೇಲೆ ಫ್ಯಾಕ್ಸ್ ಸಾಗಿಸಲು ಟಿ.38 ಎಂಬ ಕ್ರಮವಿದೆ; ಎರಡೂ ತುದಿಯವರು ಅದನ್ನು ಒಪ್ಪಬೇಕು. ಅದಿರಲಿ, ಈ ಕಾಲದಲ್ಲೂ ಫ್ಯಾಕ್ಸ್ ಯಾರಿಗೆ ಬೇಕು?

ಹಳೆಯ ಕಡತ:
ಸಹಿಯಿರುವ ಕಾಗದ ಬೇಡುವ ಕಚೇರಿಗಳಿಗೆ ಬೇಕು. ನಿಮ್ಮ ಬಳಿ ಕೇಳಿದ್ದು ಫ್ಯಾಕ್ಸ್ ಬೇಕೋ ಬೇಡವೋ ಎಂದಲ್ಲ.

ಅಳತೆಗೋಲು:
ಇದನ್ನೂ ಸೇರಿಸಿಕೊಳ್ಳಿ: ಬ್ಯಾಂಕಿನವರು ಕಳಿಸುವ ಒಂದು ಸಲದ ಪಾಸ್‌ವರ್ಡ್ ಎಷ್ಟೋ ಇಂಟರ್‌ನೆಟ್ ನಂಬರುಗಳಿಗೆ ಬರುವುದೇ ಇಲ್ಲ. ತುರ್ತು ಕರೆ ಮಾಡಿದಾಗ ಸಹಾಯಕರಿಗೆ ಕಾಣುವುದು ನೀವು ಬರೆಸಿದ ವಿಳಾಸ, ನೀವು ನಿಂತ ಜಾಗವಲ್ಲ. ಎರಡು ಸಲ ಕಚೇರಿ ಬದಲಾಯಿಸಿದವರು ವಿಳಾಸವನ್ನೂ ಬದಲಾಯಿಸಿದ್ದಾರೆಂದು ನಂಬುತ್ತೇನೆ.

ಉಚಿತ ಕರೆ:
ಒಂದು ಸಲ ಬದಲಾಯಿಸಿದ್ದೇವೆ. ಇನ್ನೊಂದನ್ನು ಇವತ್ತು ನೋಡುತ್ತೇನೆ. ಇದರಿಂದ ಟೋಲ್ ಫ್ರೀ ತಪ್ಪೆಂದು ಸಾಬೀತಾಗುವುದಿಲ್ಲ.

ಹನ್ನೊಂದು ಮೇಜು:
ಎಲ್ಲರಿಗೂ ವಂದನೆಗಳು. ಹಳೆಯ ನಂಬರನ್ನು ಉಳಿಸಿಕೊಳ್ಳೋಣವೆಂದು ನಿರ್ಧರಿಸಿ ನಿನ್ನೆ ಸಂಜೆ ಕಡತದಿಂದ ಬಿಲ್ಲು ತೆಗೆದು ನೋಡಿದೆ. ಇಷ್ಟು ವರ್ಷ ನಾವೇ ಹಣ ಕಟ್ಟಿದ್ದೇವೆ, ಆದರೆ ಲೈನು ಇರುವುದು ಈ ಕಟ್ಟಡದ ಹಿಂದಿನ ಮಾಲೀಕರ ಹೆಸರಿನಲ್ಲಿ. ಈಗ ಏನು ಮಾಡುವುದು?

ಕಳೆದುಕೊಂಡವನು:
ಪೋರ್ಟ್ ಅರ್ಜಿ ಕೊಡಬೇಡಿ. ಮೊದಲು ಆ ಮಾಲೀಕರನ್ನು ಹುಡುಕಿ, ಹಳೆಯ ಕಂಪನಿಯಲ್ಲೇ ಹೆಸರು ವರ್ಗಾವಣೆ ಮಾಡಿಸಿ, ಹೊಸ ಹೆಸರಿನ ಒಂದು ಬಿಲ್ಲು ಕೈಗೆ ಬರುವವರೆಗೆ ಕಾಯಿರಿ. ಆ ಬಿಲ್ಲಿನಲ್ಲಿ ಹೆಸರು ಹೇಗೆ ಅಚ್ಚಾಗಿದೆಯೋ ಹಾಗೆಯೇ, ಚುಕ್ಕೆಯೂ ತಪ್ಪದಂತೆ, ಅರ್ಜಿಯಲ್ಲಿ ಬರೆಯಿರಿ.

ಹಳೆಯ ಕಡತ:
ನಿಮ್ಮಲ್ಲಿ ಲಿಫ್ಟ್ ಇದೆಯೇ?